ತೇಗದ ಹಲಗೆ ಕೀಳಿಸಿದ ವಕೀಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಂಪು ತಯಾರಿಸುವ ಸಣ್ಣ ಕಾರ್ಖಾನೆಯ ಅಂಗಳದಲ್ಲಿ ಲಾರಿಯೊಂದು ಹಿಂಬಾಗಿಲು ತೆರೆದು ನಿಂತಿದೆ. ಪಕ್ಕದಲ್ಲಿ ಹೆಂಗಸೊಬ್ಬರು ಮಂಡಿಯೂರಿ, ಟಾರ್ಚ್ ಹಿಡಿದು ಮರದ ಪೆಟ್ಟಿಗೆಗಳ ಒಂದೊಂದೇ ಹಲಗೆಯನ್ನು ನೋಡುತ್ತಿದ್ದಾರೆ, ಮಗುವಿನ ತಲೆಯಲ್ಲಿ ಹೇನು ಹುಡುಕುವಷ್ಟು ತಾಳ್ಮೆಯಿಂದ. ಇವರು ವಕೀಲೆ. ಕರಿಕೋಟು ಮನೆಯ ಬೀರುವಿನಲ್ಲಿದೆ.

ಹೊರದೇಶಕ್ಕೆ ಸರಕು ಕಳಿಸುವ ಕಂಪನಿಗಳು ಕಾನೂನು ತಪ್ಪದಂತೆ ನೋಡಿಕೊಳ್ಳುವುದು ಇವರ ಕೆಲಸ. ಯಾವ ದೇಶ ಯಾವುದನ್ನು ಬೇಡ ಅನ್ನುತ್ತದೆ, ಕೊಳ್ಳುವವರು ಯಾರು, ಸರಕು ಕೊನೆಗೆ ಯಾರ ಕೈ ಸೇರುತ್ತದೆ, ಎಲ್ಲವನ್ನೂ ಕೆದಕುತ್ತಾರೆ. ಕಚೇರಿಯ ಕೆಲಸ ಮುಗಿದರೂ, ಲಾರಿ ಹೊರಡುವ ಮುನ್ನ ಸರಕನ್ನು ಕೈಯಾರೆ ಮುಟ್ಟಿ ನೋಡದೆ ಸರಿ ಅನ್ನುವುದಿಲ್ಲ. ಶುರುವಿನಲ್ಲಿ ಎಷ್ಟೋ ಕಂಪನಿಗಳು ಇವರನ್ನು ಬಾಗಿಲಲ್ಲೇ ನಿಲ್ಲಿಸಿದ್ದುಂಟು. ತಪ್ಪು ಹುಡುಕುವವಳನ್ನು ಯಾರು ಒಳಗೆ ಕರೆದು ಕೂರಿಸುತ್ತಾರೆ?

“ಕೋರ್ಟಿಗೆ ಹೋಗದ ವಕೀಲೆ, ಒಲೆ ಹಚ್ಚದ ಅಡುಗೆಯವಳು” ಎಂದು ಅತ್ತೆ ಛೇಡಿಸುತ್ತಾರೆ. ಸೊಸೆಯೂ ಬಿಡುವುದಿಲ್ಲ. “ಜಗಳ ಆದ್ಮೇಲೆ ಬಿಡಿಸೋದು ಕೋರ್ಟಿಗೆ ಹೋಗೋರ ಕೆಲಸ ಅತ್ತೆ. ಆಗದ ಹಾಗೆ ನೋಡ್ಕೊಳ್ಳೋದು ನಂದು.”

ಟಾರ್ಚಿನ ಬೆಳಕು ಒಂದು ಕಡೆ ನಿಲ್ಲುತ್ತದೆ. ಉಳಿದ ಹಲಗೆಗಳ ಮೇಲೆಲ್ಲ ಮುದ್ರೆಯಿದೆ, ಇದೊಂದರ ಮೇಲಿಲ್ಲ. ಹುಳ ಸಾಯುವಂತೆ ಕಾಯಿಸಿ, ಮುದ್ರೆ ಒತ್ತಿದ ಮರದ ಪೆಟ್ಟಿಗೆಯಾದರೆ ಮಾತ್ರ ಆಚೆ ದೇಶ ಒಳಗೆ ಬಿಡುತ್ತದೆ. ನಿನ್ನೆ ಸಂಜೆ ಒಂದು ಹಲಗೆ ಸೀಳಿಹೋಗಿತ್ತಂತೆ. ಕಾರ್ಖಾನೆಯ ಹಿರಿಯ ಬಡಗಿ ಮನೆಯಲ್ಲಿ ಜೋಪಾನವಾಗಿಟ್ಟಿದ್ದ ತೇಗ ತಂದು ಜೋಡಿಸಿದ್ದಾರೆ. ಇಡೀ ಪೆಟ್ಟಿಗೆಯಲ್ಲಿ ಅದಕ್ಕಿಂತ ಒಳ್ಳೆಯ ಹಲಗೆ ಇಲ್ಲ.

ಇದು ಕಾರ್ಖಾನೆಯ ಮೊದಲ ವಿದೇಶಿ ಆರ್ಡರು. ಸರಕು ವಾಪಸು ಬಂದರೆ ಕೊಳ್ಳುವವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಮಾಲೀಕರು ಕೈ ಹಿಸುಕಿಕೊಳ್ಳುತ್ತಾರೆ. “ಒಂದು ಹಲಗೆ ತಾನೇ ಮೇಡಂ, ಯಾರು ನೋಡ್ತಾರೆ? ಹಡಗು ತಪ್ಪಿದ್ರೆ ನಮ್ಮ ಕಥೆ ಮುಗೀತು.”

“ನಾನು ನೋಡ್ದೆನಲ್ಲ ಯಜಮಾನ್ರೇ.”

ಬಡಗಿಯ ಮುಖ ಸಣ್ಣದಾಗಿದೆ. “ನನ್ನ ಮರದಲ್ಲಿ ಹುಳ ಇದೆ ಅಂತೀಯೇನಮ್ಮಾ?”

“ಇಲ್ಲ ಅಂತ ನೀವಂದ್ರೆ ನಾನು ನಂಬ್ತೀನಿ ಅಣ್ಣಾ. ಬಂದರಲ್ಲಿ ನೋಡೋರಿಗೆ ನಿಮ್ಮ ಪರಿಚಯ ಇಲ್ವಲ್ಲ.” ಆಮೇಲೆ ಮೂಲೆಯಲ್ಲಿ ಒರಗಿಸಿದ್ದ ಪ್ಲೈವುಡ್ ತೋರಿಸುತ್ತಾರೆ. ಬಿಸಿಯಲ್ಲಿ ಒತ್ತಿ ಅಂಟಿಸಿದ್ದಕ್ಕೆ ಈ ಮುದ್ರೆ ಬೇಕಿಲ್ಲ.

“ತೇಗ ಕಿತ್ತು ಪ್ಲೈವುಡ್ ಹೊಡೀಬೇಕಾ! ನಮ್ಮಪ್ಪ ನೋಡಿದ್ರೆ ನನ್ನ ಕೈಯಿಂದ ಉಳಿ ಕಿತ್ಕೊಳ್ತಿದ್ದ” ಎಂದು ಗೊಣಗುತ್ತಲೇ ಬಡಗಿ ಮೊಳೆ ಕೀಳುತ್ತಾರೆ. ಮಾಲೀಕರೇ ಹಲಗೆ ಹಿಡಿದು ನಿಲ್ಲುತ್ತಾರೆ. ಬಿಸಿಲು ಗೋಡೆ ಇಳಿಯುವ ಹೊತ್ತಿಗೆ ಪ್ಲೈವುಡ್ ಕೂತಿದೆ. ಲಾರಿ ಗೇಟು ದಾಟುತ್ತದೆ, ಹಡಗಿಗೆ ಇನ್ನೂ ಸಮಯವಿದೆ. ಕಿತ್ತ ತೇಗವನ್ನು ಬಡಗಿ ಕಂಕುಳಲ್ಲಿ ಇಟ್ಟುಕೊಂಡು, “ಮನೇಲಿ ನಿಂಗೊಂದು ಮಣೆ ಮಾಡ್ಕೊಡ್ತೀನಿ ತಾಯಿ, ಅದಕ್ಕಾದ್ರೂ ಮುದ್ರೆ ಕೇಳ್ಬೇಡ” ಅನ್ನುತ್ತಾರೆ. ಎಲ್ಲರಿಗೂ ನಗು.

ಇಷ್ಟೆಲ್ಲ ಮಾಡಿದ್ದು ಆಚೆ ದೇಶದಲ್ಲಿ ಯಾರಿಗೂ ತಿಳಿಯುವುದಿಲ್ಲವಲ್ಲ, ಬೇಸರವಿಲ್ಲವೇ ಎಂದು ಕೇಳಿದರೆ, ವಕೀಲೆ ಮಂಡಿಗೆ ಮೆತ್ತಿದ ಮರದ ಪುಡಿ ಕೊಡವುತ್ತ ನಗುತ್ತಾರೆ.

“ಅಲ್ಲಿ ಪೆಟ್ಟಿಗೆ ಬಿಚ್ಚೋರು ಪಂಪು ನೋಡ್ಬೇಕು, ನನ್ನನ್ನಲ್ಲ. ನಾನು ಅವರ ಕಣ್ಣಿಗೆ ಬಿದ್ರೆ, ಏನೋ ತಪ್ಪು ಬಿಟ್ಟಿದ್ದೀನಿ ಅಂತ ಅರ್ಥ.”