ಡ್ರೀಮಾ ಮತ್ತು ಅಜ್ಜಿಯ ಭಾನುವಾರದ ಟೋಪಿ

ನಮ್ಮ ಪಿಜನ್ ಲಿಕ್ ಕಲ್ಲಿದ್ದಲು ಗಣಿಯನ್ನು ಜಯಿಸಿದ ವೀರರು ಈವರೆಗೆ ಇಬ್ಬರೇ. ಒಂದು, ಹಿಂದೊಮ್ಮೆ ಗಣಿಗೆ ನುಗ್ಗಿದ ಪ್ರವಾಹ. ಇನ್ನೊಂದು, ಡ್ರೀಮಾ ಬ್ಲೆವಿನ್ಸ್. ಪ್ರವಾಹಕ್ಕೆ ಇಡೀ ಹೊಳೆಯೇ ಬೇಕಾಯಿತು. ಡ್ರೀಮಾಗೆ ಒಂದು ಹೊತ್ತಿನ ತಣ್ಣನೆಯ ಊಟ ಸಾಕಾಯಿತು.

ಡ್ರೀಮಾ ಎತ್ತರದಲ್ಲಿ ನಮ್ಮ ಪಾಳಿಯ ಹೋಬರ್ಟ್‌ನ ಎದೆಗೆ ಬರುತ್ತಾಳೆ. ದನಿ ಮಾತ್ರ ಪಕ್ಕದ ಕಣಿವೆಗೂ ಕೇಳುತ್ತದೆ. ಮೊದಲು ಅವಳೂ ನಮ್ಮ ಜೊತೆಯೇ ಒಳಗೆ ಸಲಿಕೆ ಹಿಡಿದವಳು. ಹೆಣ್ಣು ಗಣಿಗಿಳಿದರೆ ಅಪಶಕುನ ಎಂದು ಗೊಣಗಿ, ಅವಳು ಬಂದ ಮೊದಲ ದಿನವೇ ಊಟದ ಡಬ್ಬಿ ಎತ್ತಿಕೊಂಡು ಮನೆಗೆ ಹೋದ ಹಿರಿಯರಿದ್ದರು. ಅವಳ ಪಕ್ಕ ಕೂತು ಉಂಡವನು ಎಸ್ಟಿಲ್ ರ‍್ಯಾಟ್ಲಿಫ್ ಒಬ್ಬನೇ. ಅಪಶಕುನ ಆಗುವುದಿದ್ದರೆ ತನಗೆ ಮದುವೆಯ ದಿನವೇ ಆಗಿಹೋಗಿದೆ, ಇನ್ನು ಹೆದರುವುದೇನಿದೆ ಎಂದು ಅವನು ಹೇಳಿದ್ದು ಸಂಜೆಯೊಳಗೆ ಅವನ ಹೆಂಡತಿ ಓಮಾಳ ಕಿವಿಗೆ ಬಿದ್ದು, ಅವನಿಗೆ ರಾತ್ರಿ ಊಟ ಸಿಗಲಿಲ್ಲ ಎನ್ನುವುದು ಬೇರೆ ಕಥೆ.

ಆಮೇಲೆ ಡ್ರೀಮಾ ಪರೀಕ್ಷೆ ಬರೆದಳು, ಪಾಸಾದಳು, ನೆಲದಡಿಯ ಡೀಸೆಲ್ ಗಾಡಿಗಳನ್ನು ಪರೀಕ್ಷಿಸುವ ಸರ್ಕಾರಿ ಇನ್‌ಸ್ಪೆಕ್ಟರ್ ಆದಳು. ಅವಳ ಆಯುಧಗಳೆಂದರೆ ಹೊಗೆ ಅಳೆಯುವ ಒಂದು ಪೆಟ್ಟಿಗೆ ಮತ್ತು ಕೆಂಪು ಚೀಟಿಗಳ ಒಂದು ಕಟ್ಟು. ಅವಳು ಕೆಂಪು ಚೀಟಿ ಕಟ್ಟಿದ ಯಂತ್ರವನ್ನು ಅವಳೇ ಬಿಚ್ಚುವ ತನಕ ರಾಜ್ಯಪಾಲನೂ ಚಾಲೂ ಮಾಡುವಂತಿಲ್ಲ. ಅವಳ ಸ್ವಂತ ಪಿಕಪ್ ಗಾಡಿ ಮಾತ್ರ ಬೆಟ್ಟ ಹತ್ತುವಾಗ ಹೊಗೆಸೊಪ್ಪು ಸೇದುವ ಅಜ್ಜನಂತೆ ಹೊಗೆ ಬಿಡುತ್ತದೆ. ಅದಕ್ಕೆ ಆಕಾಶವಿದೆಯಲ್ಲ ಎಂಬುದು ಅವಳ ವಾದ.

ವಾದದಲ್ಲಿ ಹುರುಳಿದೆ. ಗಣಿಯೊಳಗೆ ಆಕಾಶವಿಲ್ಲ. ಕೊಳವೆಯಿಂದ ಹೊರಬಿದ್ದದ್ದು ನೇರ ನಮ್ಮ ಮೂಗಿಗೇ ಬರಬೇಕು. ಅದಕ್ಕೇ ಗಾಡಿಯ ಹೊಗೆ ಮೊದಲು ನೀರಿನ ಪೆಟ್ಟಿಗೆ ಹೊಕ್ಕು ತಣ್ಣಗಾಗಬೇಕು, ಆಮೇಲೆ ಫಿಲ್ಟರ್ ಹೊಕ್ಕು ಮಸಿ ಕಳಕೊಳ್ಳಬೇಕು. ಫಿಲ್ಟರ್ ಕಪ್ಪಾಗಿ ಕಟ್ಟಿಕೊಂಡರೆ ತೆಗೆದೆಸೆದು ಹೊಸದು ಹಾಕಬೇಕು. ಕಾನೂನು ಇಷ್ಟೇ.

ನಮ್ಮಲ್ಲಿದ್ದ ಗಾಡಿಯ ಹೆಸರು ಅಜ್ಜಿ. ಗಣಿಯ ಕೊನೆಯ ತನಕ ಮರದ ತೊಲೆ, ಬೋಲ್ಟು, ಸುಣ್ಣದ ಪುಡಿ ಹೊತ್ತು ತರುವ ಮುದಿ ಡೀಸೆಲ್ ಟ್ರ್ಯಾಕ್ಟರು. ನಮ್ಮಲ್ಲಿ ಅರ್ಧ ಜನಕ್ಕಿಂತ ಅವಳಿಗೇ ವಯಸ್ಸು ಹೆಚ್ಚು. ಅವಳ ಸಾರಥಿ ಎಸ್ಟಿಲ್. ಅವಳ ಯಜಮಾನ ನಮ್ಮ ಫೋರ್‌ಮನ್ ವರ್ಲಿನ್ ಟ್ಯಾಕೆಟ್. ಫಿಲ್ಟರ್ ಬದಲಿಸಲು ಅಜ್ಜಿ ನಿಲ್ಲಬೇಕು, ಅಜ್ಜಿ ನಿಂತರೆ ಕಲ್ಲಿದ್ದಲು ಕಾಯಬೇಕು. ಕಲ್ಲಿದ್ದಲು ಕಾಯುವುದನ್ನು ವರ್ಲಿನ್ ಸಹಿಸಲಾರ, ಎಳೆ ಮಗು ಅಳುವುದನ್ನು ತಾಯಿ ಸಹಿಸಲಾರದ ಹಾಗೆ. ಅದಕ್ಕೆ ಅವನು ಒಂದು ಉಪಾಯ ಕಂಡುಕೊಂಡಿದ್ದ. ಒಂದೇ ಒಂದು ಹೊಸ ಫಿಲ್ಟರನ್ನು ಚೀಲದಲ್ಲಿ ಸುತ್ತಿ ಎತ್ತಿಟ್ಟಿದ್ದ. ಅದಕ್ಕೆ ನಾವು ಇಟ್ಟ ಹೆಸರು ಭಾನುವಾರದ ಟೋಪಿ. ಚರ್ಚಿಗೆ ಹೊರಟಾಗಷ್ಟೇ ತಲೆಗೇರುವ ಟೋಪಿ.

ಮೇಲೆ ಇನ್‌ಸ್ಪೆಕ್ಟರ್ ಕಾಣಿಸಿದ ಕೂಡಲೇ ತಲೆದೀಪ ಹಂಚುವ ಕೋಣೆಯವನು ಗಣಿಯ ಫೋನೆತ್ತಿ, ಊಟಕ್ಕೆ ನೆಂಟರು ಬಂದರು ಎನ್ನುತ್ತಿದ್ದ. ಡ್ರೀಮಾ ಬಟ್ಟೆ ಬದಲಿಸಿ, ಒಳಗೆ ಹೋದವರ ಲೆಕ್ಕದ ಹಲಗೆಗೆ ತನ್ನ ಹಿತ್ತಾಳೆ ಬಿಲ್ಲೆ ತೂಗುಹಾಕಿ, ಆಳುಗಳನ್ನು ಒಯ್ಯುವ ಗೂಡುಗಾಡಿ ಹತ್ತಿ ಒಳಗೆ ಬರುವಷ್ಟರಲ್ಲಿ ಅಜ್ಜಿ ಟೋಪಿ ಧರಿಸಿ ನಿಂತಿರುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಹೊಗೆ ಅಳೆಯುವ ಪೆಟ್ಟಿಗೆಯ ಮುಳ್ಳು ತೂಕಡಿಸುತ್ತಿತ್ತು. ಡ್ರೀಮಾ ಬರಿಗೈಯಲ್ಲಿ ಮರಳುತ್ತಿದ್ದಳು. ಸರ್ಕಾರದ ಮುದ್ರೆ ಹೊತ್ತವರಿಂದ ಮನೆಯ ಗುಟ್ಟು ಮುಚ್ಚುವುದು ನಮ್ಮಲ್ಲಿ ಅಜ್ಜಂದಿರ ಕಾಲದ ಮರ್ಯಾದೆ. ಆ ಹೊಗೆ ಕುಡಿಯುತ್ತಿದ್ದವರು ನಾವೇ ಎಂಬುದು ಮರ್ಯಾದೆಯ ಮುಂದೆ ಸಣ್ಣ ವಿಷಯ.

ಎಲ್ಲರಿಗಿಂತ ಹೆಚ್ಚು ಕುಡಿದವನು ಎಸ್ಟಿಲ್. ಪಾಳಿ ಮುಗಿಯುವಷ್ಟರಲ್ಲಿ ಅವನ ತಲೆ ಸಿಡಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತರೆ ಬೀನ್ಸಿನ ಬಟ್ಟಲಿಗೆ ಮೂಗು ತಾಗುವಷ್ಟು ತೂಕಡಿಸುತ್ತಿದ್ದ. ಕೇಳಿದರೆ ನೆಗಡಿ ಎನ್ನುತ್ತಿದ್ದ. ಆ ವರ್ಷದ ನೆಗಡಿ ವಸಂತದಲ್ಲಿ ಶುರುವಾಗಿ ಮತ್ತೆ ಹಿಮ ಬಿದ್ದರೂ ಹೋಗಲಿಲ್ಲ. ಕೊನೆಗೆ ಓಮಾ ಚರ್ಚಿನ ಅಂಗಳದಲ್ಲಿ ಡ್ರೀಮಾಳನ್ನು ತಡೆದು ನಿಲ್ಲಿಸಿ, ಕೈಚೀಲದಿಂದ ಒಂದು ದಿಂಬಿನ ಚೀಲ ತೆಗೆದು ತೋರಿಸಿದಳು. ಎಸ್ಟಿಲ್ ಬಾಯಿ ಇಟ್ಟು ಮಲಗುವ ಜಾಗದಲ್ಲಿ ತಟ್ಟೆಯಗಲ ಕಪ್ಪು.

"ನಿನ್ನ ಪೆಟ್ಟಿಗೆಗೆ ಏನೂ ಕಾಣ್ಸಲ್ಲ ಅಂತೀಯಲ್ಲ ಡ್ರೀಮಾ," ಅಂದಳು, "ಇದಾದ್ರೂ ಕಾಣುತ್ತಾ ನೋಡೇ ತಾಯಿ."

ಕಂಡಿತು. ಆದರೆ ದಿಂಬಿನ ಚೀಲಕ್ಕೆ ಕೆಂಪು ಚೀಟಿ ಕಟ್ಟಲು ಬರುವುದಿಲ್ಲ. ಮೇಲಾಗಿ ಕಚೇರಿಯವರು ಅವಳಿಗೆ ಹೇಳಿಬಿಟ್ಟಿದ್ದರು: ಪಿಜನ್ ಲಿಕ್‌ಗೆ ಇನ್ನೊಂದು ಸಲ ಹೋಗಿ ಬಾ. ಆಗಲೂ ಏನೂ ಸಿಗದಿದ್ದರೆ ಅಲ್ಲಿನ ಹೊಗೆಯ ಬಗ್ಗೆ ಬಂದಿರುವ ದೂರನ್ನು ಮುಚ್ಚಿಬಿಡೋಣ. ದೂರು ಮುಚ್ಚಿದರೆ ಎಸ್ಟಿಲ್‌ನ ಎದೆಗೂಡೂ ಹಾಗೇ ಮುಚ್ಚುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆ ಕೊನೆಯ ಸಲ ಅವಳು ಬಂದಾಗಲೂ ಫೋನು ಎಂದಿನಂತೆ ನೆಂಟರನ್ನು ಸಾರಿತು. ಅಜ್ಜಿ ಟೋಪಿ ಧರಿಸಿದಳು. ಡ್ರೀಮಾ ಕೊಳವೆಗೆ ಪೆಟ್ಟಿಗೆ ಹಿಡಿದಳು, ಗಾಡಿಯ ಸುತ್ತ ನಡೆದಳು, ಅಡಿಗೆ ನುಸುಳಿದಳು, ಮಸಿ ಮೆತ್ತಿಕೊಂಡು ಈಚೆ ಬಂದಳು. ಏನೂ ಇಲ್ಲ. ವರ್ಲಿನ್ ಮದುವೆ ಮನೆಯ ಯಜಮಾನನಂತೆ ಕೈ ಹೊಸೆಯುತ್ತ, ನಮ್ಮಜ್ಜಿಯ ಆರೋಗ್ಯ ಹೇಗಿದೆ ಮೇಡಂ ಎಂದು ವಿಚಾರಿಸಿದ. ನಿಮ್ಮಜ್ಜಿ ನನಗಿಂತ ಚೆನ್ನಾಗಿ ಉಸಿರಾಡ್ತಿದ್ದಾಳೆ ಎಂದು ಡ್ರೀಮಾ ಒಪ್ಪಿಕೊಂಡಳು. ಆ ಮಾತು ಆಡುವಾಗ ಅವಳ ಮುಖ ನೋಡಲಾಗದೆ ನಾನು ನನ್ನ ಬೂಟು ನೋಡಿಕೊಂಡೆ.

ಅಷ್ಟರಲ್ಲಿ ಊಟದ ಹೊತ್ತಾಯಿತು. ನಮ್ಮ ಊಟದ ಮೂಲೆಗೆ ಶತ್ರು ಬಂದರೂ ಉಣ್ಣದೆ ಹೋಗುವಂತಿಲ್ಲ. ಡ್ರೀಮಾ ಒಂದು ಸುಣ್ಣದ ಮೂಟೆಯ ಮೇಲೆ ಕೂತಳು. ಪಾಳಿ ಶುರುವಾದಾಗಲೇ ನಾವೆಲ್ಲ ನಮ್ಮ ನಮ್ಮ ಪೆಪ್ಪೆರೋನಿ ರೋಲುಗಳನ್ನು, ಅಂದರೆ ಮಾಂಸ, ಚೀಸು ತುಂಬಿದ ಬ್ರೆಡ್ಡುಗಳನ್ನು, ಬೆಳ್ಳಿ ಕಾಗದದಲ್ಲಿ ಸುತ್ತಿ ಅಜ್ಜಿಯ ಎಂಜಿನ್ ಮುಚ್ಚಳದ ಮೇಲೆ ಸಾಲಾಗಿ ಇಡುವುದು ವಾಡಿಕೆ. ಊಟದ ಹೊತ್ತಿಗೆ ಕಾಗದ ಬಿಚ್ಚಿದರೆ ಆವಿ ಏಳಬೇಕು.

ಹೋಬರ್ಟ್ ಬಿಚ್ಚಿದ. ಹೋಬರ್ಟ್ ಎಂದರೆ ಎರಡು ಊಟದ ಡಬ್ಬಿ ತರುವ ಮನುಷ್ಯ. ಚಾವಣಿ ಕುಸಿದಾಗ ಮೊದಲು ಡಬ್ಬಿ ಎಳೆದು, ಆಮೇಲೆ ಸ್ವಂತ ಕಾಲು ಎಳೆದುಕೊಂಡವನು. ಗುಟ್ಟು ಕಾಯುವುದರಲ್ಲಿ ಬಂಡೆ. ಅವನು ಒಂದು ಕಚ್ಚು ಕಚ್ಚಿ ನಿಲ್ಲಿಸಿದ.

"ತಣ್ಣಗಿದೆ," ಅಂದ.

ನಾವೆಲ್ಲ ಒಟ್ಟಿಗೆ ಕೆಮ್ಮಿದೆವು. ಹೋಬರ್ಟ್‌ಗೆ ಕೇಳಿಸಲಿಲ್ಲ. ಅವನ ಮುಖದಲ್ಲಿದ್ದದ್ದು ಮೋಸಹೋದ ಪ್ರೇಮಿಯ ದುಃಖ.

"ದಿನಾ ಬೆರಳು ಸುಡೋ ಹಾಗಿರುತ್ತೆ ಕಣ್ರೋ. ಚೀಸು ಕರಗಿ ಮೊಣಕೈ ತನಕ ಸುರಿಯುತ್ತೆ. ಏನಾಗಿದೆ ಈ ಮುದುಕಿಗೆ? ಹೋದ ಸಲ ಡ್ರೀಮಾ ಬಂದಾಗ್ಲೂ ಹೀಗೇ ಮಾಡಿದ್ಲು."

ಕೋಟೆ ಬಾಗಿಲು ಒಳಗಿನಿಂದಲೇ ತೆರೆದಿತ್ತು. ಡ್ರೀಮಾ ಅಗಿಯುವುದನ್ನು ನಿಲ್ಲಿಸಿದಳು. ಮೂಗು ಕಟ್ಟಿದ ಮನುಷ್ಯನಿಗೆ ಜ್ವರ ಬರುವ ಹಾಗೆ, ಫಿಲ್ಟರ್ ಕಟ್ಟಿದ ಯಂತ್ರಕ್ಕೂ ಮೈ ಕಾಯುತ್ತದೆ ಎಂದು ಆ ಮೂಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ವರ್ಲಿನ್ ಆತುರಾತುರವಾಗಿ, ಈಗ ತಾನೇ ಹೊಸ ನೀರು ತುಂಬಿಸಿದ್ದೇವೆ, ಅದಕ್ಕೇ ತಂಪು ಎಂದ. ಡ್ರೀಮಾ ತಲೆಯಾಡಿಸಿದಳು.

"ಒಳ್ಳೇದಾಯ್ತು. ಹಾಗಾದ್ರೆ ನಾಳೆನೂ ಬರ್ತೀನಿ. ನಾಡಿದ್ದೂ ಬರ್ತೀನಿ. ಹೋಬರ್ಟ್‌ದು ಬಿಸಿ ಆಗೋ ತನಕ ಬರ್ತಾನೇ ಇರ್ತೀನಿ."

ಹೋಬರ್ಟ್‌ನ ಕಣ್ಣ ಮುಂದೆ ತಣ್ಣನೆಯ ಊಟಗಳ ಕೊನೆಯಿಲ್ಲದ ಮೆರವಣಿಗೆ ಹಾದುಹೋಯಿತು. ವರ್ಲಿನ್ ಮಾತ್ರ ನಕ್ಕ. ಬನ್ನಿ ಮೇಡಂ, ಆದರೆ ಕಾನೂನು ಕೇಳುವುದು ಯಂತ್ರದಲ್ಲಿ ಸಿಕ್ಕಿದ್ದನ್ನು, ಬ್ರೆಡ್ಡನ್ನಲ್ಲ ಎಂದ. ಅದು ನಿಜವೇ ಆಗಿತ್ತು.

ಆಗ ಡ್ರೀಮಾ ಎಸ್ಟಿಲ್ ಕಡೆ ತಿರುಗಿದಳು. ಎಸ್ಟಿಲ್ ಅಂದು ನಮ್ಮ ಜೊತೆ ಕೆಳಗೆ ಕೂತಿರಲಿಲ್ಲ. ಅಜ್ಜಿಯ ಸೀಟಿನ ಮೇಲೇ ಕೂತು ಉಣ್ಣುತ್ತಿದ್ದ. ಎಂದಿಗಿಂತ ಒಂದು ಗೇಣು ಎತ್ತರ ಕಾಣುತ್ತಿದ್ದ. ಮೊಣಕಾಲು ನೋವು ಎಂದು ಯಾರೂ ಕೇಳದೆಯೇ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆ ಸೀಟು ತಡಕುವ ಅಧಿಕಾರ ಡ್ರೀಮಾಗೆ ಇತ್ತು. ತಡಕಿದ್ದರೆ ಎಸ್ಟಿಲ್ ಸಿಕ್ಕಿಬಿದ್ದವನಾಗುತ್ತಿದ್ದ. ಅವಳು ಕೂತಲ್ಲೇ ಕೂತು, ಪಕ್ಕದ ಮೂಟೆಯ ಮೇಲಿನ ಧೂಳನ್ನು ಕೈಯಿಂದ ಒರೆಸಿದಳು.

"ಮೊದಲ್ನೇ ದಿನ ನನ್ನ ಪಕ್ಕ ಕೂತು ಉಂಡೋನು ನೀನೊಬ್ನೇ ಎಸ್ಟಿಲ್. ಇವತ್ತು ಯಾಕೋ ದೂರ ಕೂತಿದ್ದೀಯ. ಬರೋದಾದ್ರೆ ಬಾ, ಜಾಗ ಇದೆ."

ಎಸ್ಟಿಲ್ ವರ್ಲಿನ್‌ನ ಮುಖ ನೋಡಿದ. ಅಜ್ಜಿಯ ಸ್ಟಿಯರಿಂಗ್ ಚಕ್ರದ ಮೇಲೆ ಒಮ್ಮೆ ಕೈಯಾಡಿಸಿದ. ಕೆಮ್ಮಿದ, ಬಹಳ ಹೊತ್ತು ಕೆಮ್ಮಿದ. ಕೆಮ್ಮು ನಿಂತಾಗ ಎದ್ದು ನಿಂತ.

ಅವನ ಕೆಳಗಿನಿಂದ ಒಂದು ಗೋಣಿಚೀಲ ಜಾರಿ ನೆಲಕ್ಕೆ ಬಿತ್ತು. ಚೀಲದಿಂದ ಉರುಳಿದ್ದು ಬೆಳಿಗ್ಗೆಯವರೆಗೂ ಅಜ್ಜಿಯ ತಲೆಯ ಮೇಲಿದ್ದ ಫಿಲ್ಟರ್. ಕಲ್ಲಿದ್ದಲೇ ಅದರ ಪಕ್ಕದಲ್ಲಿ ಬೆಳ್ಳಗೆ ಕಾಣುವಷ್ಟು ಕಪ್ಪು.

"ತಗೋ," ಅಂದ ಎಸ್ಟಿಲ್. "ಓಮಾಗೆ ನಾನೇ ಎದ್ದು ಕೊಟ್ಟೆ ಅಂತ ಹೇಳು. ನಾನು ಹೇಳಿದ್ರೆ ನಂಬಲ್ಲ."

ಮುಂದಿನದು ಬರೀ ದಿಗ್ವಿಜಯ. ಡ್ರೀಮಾ ಭಾನುವಾರದ ಟೋಪಿ ಇಳಿಸಿ ಆ ಕರಿ ದಿನನಿತ್ಯದ ಟೋಪಿ ತೊಡಿಸಿ ಅಜ್ಜಿಯನ್ನು ಓಡಿಸಿದಳು. ತೂಕಡಿಸುತ್ತಿದ್ದ ಮುಳ್ಳು ಬೆಚ್ಚಿ ಎದ್ದು ಆ ತುದಿಗೆ ಹೋಗಿ ನಿಂತುಬಿಟ್ಟಿತು. ಕೆಂಪು ಚೀಟಿ ಅಜ್ಜಿಯ ಕೊರಳೇರಿತು. ಪಟ್ಟ ಕಳಕೊಂಡ ಮಹಾರಾಣಿಯನ್ನು ಬ್ಯಾಟರಿ ಗಾಡಿಯೊಂದು ಮೆಲ್ಲಗೆ ಹೊರಕ್ಕೆ ಎಳೆದೊಯ್ಯಿತು. ಹೋಬರ್ಟ್ ಎಂಜಿನ್ ಮುಚ್ಚಳದ ಮೇಲೆ ಕೈಯಿಟ್ಟು ಬಾಗಿಲ ತನಕ ಜೊತೆಗೆ ನಡೆದ. ಊಟಕ್ಕೆ ನೆಂಟರನ್ನು ಸಾರುತ್ತಿದ್ದ ಫೋನಿನ ಮೇಲೂ ಬೇರೆ ಒಂದು ದಂಡ ಬಿತ್ತು.

ಅಜ್ಜಿ ರಿಪೇರಿಯಾಗಿ, ಪೆಟ್ಟಿಗೆ ತುಂಬ ಹೊಸ ಟೋಪಿಗಳೊಡನೆ ಮರಳಿ ಬಂದಳು. ಈಗ ವರ್ಲಿನ್‌ನಷ್ಟು ಮಡಿವಂತ ಈ ಕಣಿವೆಯಲ್ಲೇ ಇಲ್ಲ. ಪ್ರತಿ ಫಿಲ್ಟರನ್ನೂ ತಲೆದೀಪಕ್ಕೆ ಹಿಡಿದು, ಮಗಳನ್ನು ಕೇಳಲು ಬಂದ ಹುಡುಗನನ್ನು ನೋಡುವ ಹಾಗೆ ನೋಡುತ್ತಾನೆ. ಫಿಲ್ಟರ್ ಬದಲಿಸುವ ನಿಯಮ ತನ್ನದೇ ಯೋಚನೆ ಎಂದು ಬೇರೆ ಗಣಿಯವರಿಗೆ ಹೇಳಿಕೊಳ್ಳುವುದೂ ಉಂಟು. ಹೋಬರ್ಟ್ ಹೂಡಿದ ಮೌನ ಸತ್ಯಾಗ್ರಹದ ಫಲವಾಗಿ ಊಟದ ಮೂಲೆಗೆ ಕರೆಂಟಿನ ಬಿಸಿಪೆಟ್ಟಿಗೆ ಬಂದಿದೆ. ಅದರಲ್ಲಿ ಅಜ್ಜಿಯ ಕೈರುಚಿ ಇಲ್ಲ ಎನ್ನುತ್ತಾನೆ, ಎನ್ನುತ್ತಲೇ ಎರಡು ಡಬ್ಬಿ ಖಾಲಿ ಮಾಡುತ್ತಾನೆ.

ಓಮಾ ದಿಂಬಿನ ಚೀಲಗಳನ್ನು ಹಿತ್ತಲಲ್ಲಿ ಒಣಗಿಸುವುದನ್ನು ಬಿಟ್ಟಿದ್ದಾಳೆ. ಈಗ ಅವು ರಸ್ತೆ ಕಡೆಯ ಜಗಲಿಯಲ್ಲಿ, ಗೆದ್ದ ಸೈನ್ಯದ ಬಾವುಟಗಳ ಹಾಗೆ, ಹಾಲಿನಂತೆ ಬೆಳ್ಳಗೆ ಹಾರುತ್ತವೆ. ಒಗೆಯುವ ದಿನವಲ್ಲದಿದ್ದರೂ ಹಾರುತ್ತವೆ. ಡ್ರೀಮಾ ಆ ದಾರಿಯಲ್ಲಿ ಹೋಗುವಾಗಲೆಲ್ಲ ಹಾರ್ನ್ ಹೊಡೆಯುತ್ತಾಳೆ. ಜಗಲಿಯ ಉಯ್ಯಾಲೆಯಲ್ಲಿ ಕೂತ ಎಸ್ಟಿಲ್ ಈಗ ತುಂಬಿದ ಎದೆಯಿಂದ, ಒಂದೂ ಕೆಮ್ಮಿಲ್ಲದೆ, ಅವಳಿಗೆ ಕೂಗಿ ಹೇಳುತ್ತಾನೆ:

"ಬೇಗ ದಾಟಿ ಹೋಗೇ ಮಾರಾಯ್ತಿ, ನಿನ್ನ ಗಾಡಿ ಹೊಗೆ ನಮ್ಮ ದಿಂಬಿಗೆ ಹತ್ತುತ್ತೆ."