ಚನ್ನವೀರನ ಎರಡು ಅಡಿ ಸಮುದ್ರ

ಮರಾಠಿ ಸೀಮೆಯ ಕೋಥರೂಡದಲ್ಲಿ ಮೂರನೇ ಮಹಡಿಗೆ ಸಮುದ್ರ ಹೊತ್ತು ತಂದವನು ಅಂದರೆ ಇಂಡಿ ಕಡೆಯ ಈ ಚನ್ನವೀರ. ಕುರಕುಂಭದ ಒಂದು ಕೆಮಿಕಲ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ನೀರು ಪರೀಕ್ಷೆ ಮಾಡುತ್ತಿದ್ದ. ಅಲ್ಲಿಗೆ ಬರುವುದೆಲ್ಲ ಸತ್ತ ನೀರು; ಅದರೊಳಗೆ ಯಾವ ವಿಷ, ಎಷ್ಟು ಅಂತ ಬರೆದುಕೊಟ್ಟರೆ ಮುಗಿಯಿತು. ಒಮ್ಮೆಯಾದರೂ ಜೀವ ಇರುವ ನೀರನ್ನು ಕೈಯಾರೆ ಮಾಡಿ ನೋಡಬೇಕು ಎನ್ನುವುದು ಅವನ ಆಸೆ. ಎಲೆ ಅಡಿಕೆಯ ಚಟವೂ ಇಲ್ಲದ ಮನುಷ್ಯ, ಚಹಾ ಕೂಡ ಅರ್ಧ ಕಪ್ಪೇ. ಅಂಥವನು 2004ರಲ್ಲಿ, ಮನೆಯಲ್ಲಿ ಸಮುದ್ರದ ಮೀನಿನ ತೊಟ್ಟಿ ಇಡಲೇ ಅಂತ ಬಾಯಿ ಬಿಟ್ಟು ಕೇಳಿದಾಗ ಹೆಂಡತಿ ಶೈಲಾ ಹೂಂ ಅಂದಳು. ಅವ್ವ ನಾಗವ್ವ ಹೂಂ ಅನ್ನಲಿಲ್ಲ.

ನಾಗವ್ವ ಲಿಂಗ ಕಟ್ಟಿದ ಹೆಣ್ಣುಮಗಳು. ಮೀನು ಮಾರುವ ಗಲ್ಲಿ ಬಂತೆಂದರೆ ಮೂಗಿಗೆ ಸೆರಗು ಹಿಡಿದು ಸುತ್ತುಹಾಕಿ ಹೋಗುವವಳು. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ರೊಟ್ಟಿ ತಟ್ಟುತ್ತ ಅಂದಳು: "ಇಡು. ಆದ್ರ ನಮ್ಮ ಮನ್ಯಾಗ ಒಂದು ಜೀವ ಸತ್ತರೂ ಅವತ್ತ ಆ ಪೆಟಗಿ ಹೊರಗ. ಆಮ್ಯಾಲ ಅವ್ವಾ ಅವ್ವಾ ಅಂತ ಗೋಗರಿಬ್ಯಾಡ."

ಚನ್ನವೀರ ಮಾತು ಕೊಟ್ಟ. ಎರಡಡಿ ಉದ್ದದ ಗಾಜಿನ ತೊಟ್ಟಿ ಬಂತು. ಫಿಲ್ಟರ್ ನೀರಿಗೆ ಸಮುದ್ರದ ಉಪ್ಪಿನಪುಡಿ ತೂಗಿ ತೂಗಿ ಕದಡಿದ. ಮುಂಬೈ ಸಮುದ್ರದಿಂದ ಬಂದ ತೂತುತೂತಿನ ಕಲ್ಲುಗಳನ್ನು ಅದೇ ಶಹರದ ಶಿವಾಜಿನಗರದ ಅಂಗಡಿಯಿಂದ ಒದ್ದೆ ಪೇಪರಿನಲ್ಲಿ ಸುತ್ತಿ, ಸಿಟಿ ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ತಂದ. ವಾಸನೆಗೆ ಪಕ್ಕದ ಸೀಟಿನವರು ಎದ್ದು ನಿಂತುಕೊಂಡರು.

ಆಮೇಲೆ ಒಂದು ತಿಂಗಳು ಸುಮ್ಮನೆ ಕಾಯುವ ಕೆಲಸ. ಕಲ್ಲಿನೊಳಗಿನ ಕಣ್ಣಿಗೆ ಕಾಣದ ಜೀವಗಳು ನೀರನ್ನು ಹದಕ್ಕೆ ತರಬೇಕು. ಅದಕ್ಕೂ ಮೊದಲು ಮೀನು ಬಿಟ್ಟರೆ ಅದು ತನ್ನ ಹೊಲಸಿಗೆ ತಾನೇ ಸಾಯುತ್ತದೆ. ಎದುರು ಮನೆಯ ಪಂಢರಿನಾಥರು ದಿನಾ ಸಂಜೆ ಬಂದು ಇಣುಕಿ, ಚನ್ನವೀರ ಕಲ್ಲು ಸಾಕುತ್ತಿದ್ದಾನೆ ಅಂತ ಅಪಾರ್ಟ್‌ಮೆಂಟಿನ ಸೊಸೈಟಿ ತುಂಬ ಹೇಳಿಕೊಂಡು ತಿರುಗಿದರು. ಅವನು ಬೇಸರ ಮಾಡಿಕೊಳ್ಳದೆ ಅವರನ್ನು ಕೂರಿಸಿ ಗಂಟೆಗಟ್ಟಲೆ ವಿವರಿಸುತ್ತಿದ್ದ. ನಾಗವ್ವ ಆ ಕಡೆ ಮುಖ ಸಹ ತಿರುಗಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾತ್ರ ಕಲ್ಲಿನ ತೂತಿನಿಂದ ಗರಿಯಂಥದ್ದೊಂದು ಬಿಚ್ಚಿಕೊಂಡು, ಮತ್ತೆ ಸರಕ್ಕನೆ ಒಳಸೇರಿದ್ದನ್ನು ಕಂಡಳು. ಕಲ್ಲಿಗೂ ಉಸಿರು ಅದ ಅಂತ ಶೈಲಾಳಿಗೆ ಹೇಳಿದಳು. ಅವತ್ತಿನಿಂದ ಅವರೆಕಾಯಿ ಬಿಡಿಸುವುದು ತೊಟ್ಟಿಯ ಮುಂದೆಯೇ.

ಕಡೆಗೊಂದು ಗುರುವಾರ ಸಂಜೆ ಜೀವಗಳು ಬಂದವು: ಕಿತ್ತಳೆ ಬಣ್ಣದ ಒಂದು ಮೀನು, ನಾಲ್ಕು ಬಸವನಹುಳು, ಕೆಂಪು ಪಟ್ಟೆಯ ಒಂದು ಸಿಗಡಿ. ಎಂಟು ದಿನ ಮನೆಯಲ್ಲಿ ಹಬ್ಬ. ಒಂಬತ್ತನೇ ದಿನ ಬೆಳಿಗ್ಗೆ ಎರಡು ಬಸವನಹುಳು ಅಂಗಾತ ಬಿದ್ದಿದ್ದವು. ಸಿಗಡಿ ಮೂಲೆ ಹಿಡಿದಿತ್ತು.

ಅವ್ವ ಸ್ನಾನದ ಮನೆಯಲ್ಲಿದ್ದಳು. ಚನ್ನವೀರ ಸತ್ತವೆರಡನ್ನೂ ಪೇಪರಿನಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡ. ತೊಟ್ಟಿಯದೇ ಒಂದು ಬಾಟಲಿ ನೀರು ತುಂಬಿಕೊಂಡು ಬಸ್ಸು ಹತ್ತಿದ. ಲ್ಯಾಬಿನಲ್ಲಿ ನೋಡಿದರೆ ನೀರಿನಲ್ಲಿ ತಾಮ್ರ. ಫ್ಯಾಕ್ಟರಿಯ ಲೆಕ್ಕದಲ್ಲಿ ಅದು ಏನೂ ಅಲ್ಲ, ಬಸವನಹುಳಕ್ಕೂ ಸಿಗಡಿಗೂ ಅಷ್ಟೇ ಸಾಕು. ಎಲ್ಲಿಂದ ಬಂತು? ಉಪ್ಪಿನಿಂದಲೋ, ಕೊಳವೆಯಿಂದಲೋ? ದಾರಿಯುದ್ದಕ್ಕೂ ಅದೇ ಚಿಂತೆ. ಸಂಜೆ ಮನೆಗೆ ಬಂದವನೇ ತೋಳು ಮಡಚಿ ಕಲ್ಲುಗಳನ್ನು ಒಂದೊಂದಾಗಿ ಎತ್ತಿದ. ಹಿಂದಿನ ಕಲ್ಲಿನ ಬುಡದಲ್ಲಿ ಒಂದು ಹಳೆಯ ತಾಮ್ರದ ಬಿಲ್ಲೆ, ಹಸಿರು ಕಟ್ಟಿಕೊಂಡು ಕೂತಿತ್ತು.

ಯಾರನ್ನೂ ಕೇಳಬೇಕಾಗಲಿಲ್ಲ. ಊರಲ್ಲಿ ಹೊಸ ಬಾವಿಗೆ ನೀರು ಬಿದ್ದರೆ ಗಂಗೆಪೂಜೆ ಮಾಡಿ ತಾಮ್ರದ ಬಿಲ್ಲೆ ಹಾಕುವುದು ಅವರ ಮನೆತನದ ವಾಡಿಕೆ. ಮೀನು ಬಂದ ಮರುದಿನ ಶುಕ್ರವಾರ. ಅವನು ಫ್ಯಾಕ್ಟರಿಗೆ, ಶೈಲಾ ಆಫೀಸಿಗೆ. ಇದರಲ್ಲಿನ ಒಂದು ಜೀವವೂ ಹೋಗದಿರಲಿ ಅಂತ ಅವ್ವ ಕೈಮುಗಿದು ಹಾಕಿದ್ದಾಳೆ.

ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ತೋರಿಸಿದರೆ ತಪ್ಪು ತನ್ನದಲ್ಲ ಅಂತಾಗಿ ಸಮುದ್ರ ಉಳಿದೀತು, ಆದರೆ ಎರಡು ಜೀವ ಕೊಂದ ಪಾಪ ಅವ್ವನ ತಲೆಗೆ. ಇರುವೆ ಸಾಲು ಕಂಡರೆ ದಾಟಿ ಹೋಗುವ ಹೆಂಗಸು ಅವಳು.

ಅಷ್ಟರಲ್ಲಿ ನಾಗವ್ವ ಬಂದಳು. ದಿನಾ ಎಣಿಸುತ್ತಿದ್ದಳಂತೆ. ಮುಂಜಾನೆಯಿಂದ ಎರಡು ಕಾಣುತ್ತಿಲ್ಲ ಅಂದಳು.

"ಸತ್ತಾವವ್ವ. ನನ್ನ ತಪ್ಪು. ನಾಳೆ ಪೆಟಗಿ ತೆಗಿತೀನಿ."

ಅವಳು ಅವನ ಮುಖ ನೋಡಲಿಲ್ಲ, ನೀರು ಸೋರುತ್ತಿದ್ದ ಮುಷ್ಟಿ ನೋಡಿದಳು. "ಕೈ ಬಿಚ್ಚು."

ಬಿಚ್ಚಿದ.

"ಇದು ನಾ ಹಾಕಿದ್ದು," ಅಂದಳು.

"ಹೌದು. ತಾಮ್ರ ಅವಕ್ಕ ವಿಷ ಅವ್ವ. ಪಂಢರಿನಾಥರಿಗೆ ಎಲ್ಲಾ ಹೇಳೇನಿ, ನಿನಗೊಬ್ಬಾಕಿಗೆ ಹೇಳಲಿಲ್ಲ."

ನಾಗವ್ವ ಕುರ್ಚಿ ಬಿಟ್ಟು ನೆಲಕ್ಕೇ ಕುಂತಳು. ಉಳಿದವು ಎಷ್ಟು ಅಂತ ಕೇಳಿದಳು. ಮೀನು, ಎರಡು ಬಸವನಹುಳು, ಸಿಗಡಿ ಅನುಮಾನ ಅಂದ. ಕಲ್ಲು ಉಸುಕೆಲ್ಲ ತಾಮ್ರ ಕುಡಿದಾವ, ಇಟ್ಟರೂ ಎಲ್ಲ ಮೊದಲಿಂದ ಮಾಡಬೇಕು ಅಂದ.

"ಹಂಗಾರ ನಿಂತ್ಯಾಕ? ಹೊಸ ನೀರು ಕಲಸು."

"ಪೆಟಗಿ ತೆಗಿತೀನಿ ಅಂತ ಮಾತು ಕೊಟ್ಟೇನಲ್ಲವ್ವ."

"ಆ ಮಾತು ನಿನ್ನ ಮ್ಯಾಲ ಹಾಕಿದ್ದು. ಈ ತಪ್ಪು ನಂದು."

ಬಕೆಟ್ಟಿಗೆ ಅವಳೇ ನೀರು ಹೊಯ್ದಳು, ಅವನು ಉಪ್ಪು ತೂಗಿದ, ಆಫೀಸಿನಿಂದ ಬಂದ ಶೈಲಾ ಕದಡಿದಳು. ಉಳಿದ ಜೀವಗಳನ್ನು ಅದಕ್ಕೆ ಬಿಟ್ಟು, ಗಾಳಿ ಊದುವ ಪಂಪು ಹಚ್ಚಿದರು. ಸಿಗಡಿ ಬೆಳಗಿನವರೆಗೆ ಬದುಕಲಿಲ್ಲ. ನಾಗವ್ವ ಅದನ್ನೂ ಅವನ ಕಿಸೆಯಲ್ಲಿದ್ದ ಎರಡು ಬಸವನಹುಳುಗಳನ್ನೂ ಎಲೆಯಲ್ಲಿ ಸುತ್ತಿ, ಕೆಳಗೆ ಪಾರಿಜಾತದ ಬುಡದಲ್ಲಿ ಹುಗಿದು, ತಲೆ ತುಂಬ ನೀರು ಸುರಿದುಕೊಂಡು ಬಂದಳು. ಚನ್ನವೀರ ಬಸ್ಸಿಗೆ ಹೊರಡುವಾಗ, ಗುಳ್ಳೆ ನಿಂತರೆ ಯಾವ ಗುಂಡಿ ಒತ್ತಬೇಕು ಅಂತ ಎರಡು ಸಲ ಕೇಳಿ ತಿಳಿದುಕೊಂಡಳು. ಒದ್ದೆ ಕೂದಲು ಬೆನ್ನ ಮೇಲೆ ಹರವಿಕೊಂಡೇ ಬಕೆಟ್ಟಿನ ಪಕ್ಕ ಕುಂತಳು.