ಭತ್ತ ಕಚ್ಚುವ ಜಡೆಪ್ಪನ ದವಡೆ

ಕಂಪ್ಲಿಯ ನನ್ನ ಭತ್ತದ ವ್ಯಾಪಾರದಲ್ಲಿ ತಕ್ಕಡಿಗಿಂತ ಹೆಚ್ಚು ದುಡಿದದ್ದು ಜಡೆಪ್ಪನ ಬಲದವಡೆ. ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿ ನಾಲ್ಕು ಕಾಳು ತೆಗೆಯುತ್ತಿದ್ದ, ಹಲ್ಲಿನ ನಡುವೆ ಇಟ್ಟು ಕಚ್ಚುತ್ತಿದ್ದ. ಒಣಗಿದ ಕಾಳು ಟಕ್ಕನೆ ಮುರಿಯುತ್ತದೆ, ಹಸಿಕಾಳು ಸದ್ದಿಲ್ಲದೆ ಚಪ್ಪಟೆಯಾಗುತ್ತದೆ. ಅವನು "ಹದಿನೈದು" ಎಂದರೆ ತೇವ ನೂರಕ್ಕೆ ಹದಿನೈದು; ತೇವ ಏರಿದಷ್ಟೂ ದರ ಇಳಿಯುತ್ತದೆ. ಇಪ್ಪತ್ತೆರಡು ವರ್ಷ ಇದೇ ಕೆಲಸ. ತೇವ ಅಳೆಯುವ ಮೀಟರ್ ಒಂದನ್ನು ನಾನು ತಂದಿಟ್ಟಿದ್ದೆ. ಆದರೆ ಸಾಹುಕಾರನ ಮೀಟರು ಸಾಹುಕಾರನ ಮಾತನ್ನೇ ಆಡುತ್ತದೆ ಎಂಬುದು ರೈತರ ನಂಬಿಕೆ. ಅದನ್ನು ತಪ್ಪು ಎನ್ನಲಾರೆ, ವ್ಯಾಪಾರಿಗಳನ್ನು ನಾನೂ ಬಲ್ಲೆ.

ಅದು ಅದಿರಿನ ಧೂಳಿನಲ್ಲಿ ಜನ ದುಡ್ಡು ಕಂಡ ಕಾಲ. ಹೊಸಪೇಟೆಯಲ್ಲಿ ಲಾರಿ ಕೊಂಡವರು ಹಲ್ಲಿಗೂ ಬಂಗಾರ ಕಟ್ಟಿಸಿಕೊಳ್ಳುತ್ತಿದ್ದರು. ಜಡೆಪ್ಪನಿಗೆ ಹಲ್ಲಿನಿಂದ ಬಂದದ್ದು ನೋವು ಮಾತ್ರ. ಎರಡು ಸಾವಿರದ ಆರರ ಸುಗ್ಗಿಗೆ ಇನ್ನು ಹದಿನೈದು ದಿನ ಎನ್ನುವಾಗ, ತಣ್ಣೀರು ಕುಡಿದರೆ ಬಲದವಡೆ ಜುಮ್ಮೆನ್ನತೊಡಗಿತು. ಅವನು ಕಚ್ಚದಿದ್ದರೆ ರೈತರು ಬೇರೆ ವ್ಯಾಪಾರಿಯ ಕಡೆ ಗಾಡಿ ತಿರುಗಿಸುತ್ತಾರೆ. ಅವನಿಗೆ ಕೊಡಲು ನನ್ನಲ್ಲಿ ಬೇರೆ ಕೆಲಸವೂ ಇರಲಿಲ್ಲ. ಹೀಗೆ ಅವನ ಹಲ್ಲುನೋವು ನನ್ನ ಹೊಟ್ಟೆನೋವಾಗಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊಸಪೇಟೆಗೆ ಹೊರಟೆ.

ಹಲ್ಲಿನ ಡಾಕ್ಟರು ಅರ್ಚಿತಾ. ಜಡೆಪ್ಪನ ಮಗಳು ಸೌಜನ್ಯಳಿಗೆ ಹಿಂದಿನ ವರ್ಷ ಸೀಲಂಟ್ ಹಾಕಿದ್ದು ಇವರೇ. ದವಡೆಹಲ್ಲಿನ ಗೀರುಗಳಲ್ಲಿ ಅನ್ನ, ಬೆಲ್ಲ ಕೂತು ಹುಳುಕಾಗದಂತೆ ಮುಚ್ಚುವ ತೆಳುವಾದ ಲೇಪ ಅದು. ಜಡೆಪ್ಪ ತನ್ನ ಚಿಕಿತ್ಸೆಯನ್ನು ತಾನೇ ನಿಶ್ಚಯಿಸಿಕೊಂಡು ಬಂದಿದ್ದ.

"ನನ್ ಮಗಳಿಗೆ ಹಾಕಿದ್ರಲ್ರಿ, ಅದನ್ನ ನನಗೂ ಹಾಕ್ರಿ. ಬಲಗಡೀಗೆ ಎರಡು ಕೋಟ್."

"ಗ್ವಾಡಿಗೆ ಸುಣ್ಣ ಹೊಡ್ಯೋದು ಅಂತ ಮಾಡೀರೇನ್ರಿ?" ಎಂದು ಡಾಕ್ಟರು ಬಾಯೊಳಗೆ ಕನ್ನಡಿ ಹಿಡಿದರು. "ಬಲಗಡೆ ಮುಚ್ಚಾಕ ಗೀರ ಉಳಿದಿಲ್ಲ. ಭತ್ತ ಕಚ್ಚಿ ಕಚ್ಚಿ ಸವೆದು ಹಾಸುಗಲ್ಲಾಗೇತಿ. ಇದಕ್ಕ ಲೇಪ ದಂಡ. ಮುಂದ ಕ್ಯಾಪ್ ಹಾಕೋಣು."

"ಎಡಗಡೀದು?"

"ಅದು ಕೆಲಸಾನ ಮಾಡಿಲ್ಲ, ಹೊಸಾದಿದ್ದಂಗ ಐತಿ. ಗೀರು ಭಾಳ ಆಳ, ಹುಳುಕು ಇನ್ನೂ ಬಂದಿಲ್ಲ."

ನಾನು ನಡುವೆ ಬಾಯಿ ಹಾಕಿದೆ. "ನಲವತ್ತಾರು ವರ್ಷದವರಿಗೆ ಹುಡುಗರ ಔಷಧ ಯಾಕ್ರಿ ಡಾಕ್ಟ್ರೆ?"

"ದೊಡ್ಡವರಿಗೆಲ್ಲಾ ಬೇಕಿಲ್ರಿ. ಗೀರು ಆಳ ಇದ್ದು, ಹಲ್ಲು ಕೆಡದ ಇದ್ರ ಲಾಭ ಐತಿ. ಇವರಿಗೆ ಎಡಗಡೆ ಎರಡಕ್ಕ ಹಾಕಬೋದು. ವರ್ಷಕ್ಕೊಮ್ಮೆ ತೋರಿಸ್ಕೊಂಡ್ರ ಭಾಳ ವರ್ಷ ಬಾಳತಾವ."

ಲಾಭ ಎಂಬ ಮಾತು ಬಂದ ಮೇಲೆ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು. ಜಡೆಪ್ಪನ ಮುಖವೂ ಅರಳಿತು.

"ಹಂಗಾರ ಹಾಕಿಬಿಡ್ರಿ. ನಾಳಿಂದ ಎಡಗಡೆ ಕಚ್ಚತೀನಿ."

"ಭತ್ತ ಕಚ್ಚೋದಿದ್ರ ಬ್ಯಾಡ. ತಿಂಗಳೊಳಗ ಲೇಪ ಕಿತ್ತು ಬರತೈತಿ, ಅದರ ಹಿಂದ ಹಲ್ಲೂ ಸವೀತೈತಿ. ರೊಟ್ಟಿಗೆ ಬೇಕೋ ಭತ್ತಕ್ಕ ಬೇಕೋ, ನೀವ ಹೇಳ್ರಿ."

ಜಡೆಪ್ಪ ಬಾಯಿ ತೆರೆದುಕೊಂಡೇ ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನನಗೆ ಬೇಕಾದ ಉತ್ತರ ಭತ್ತ. ಆದರೆ ಹಲ್ಲು ನನ್ನದಲ್ಲವಲ್ಲ.

"ರೊಟ್ಟಿಗೆ ಹಾಕ್ರಿ" ಎಂದ.

ಸ್ಕೂಟರ್ ಹತ್ತುವಾಗ ಕೇಳಿದೆ: "ಸುಗ್ಗಿಗೆ ಏನ್ ಮಾಡ್ತೀಯೋ?"

"ನೋಡೂನ್ರಿ ಸಾವ್ಕಾರ್ರೆ. ಮೊದಲು ಉಣ್ಣಾಕ ಹಲ್ಲಿರಲಿ."

ಸುಗ್ಗಿಯ ಮೊದಲ ಟ್ರ್ಯಾಕ್ಟರ್ ಕಮಲಾಪುರದ ಪಾಲಪ್ಪನದು. ನಾನು ಮೀಟರ್ ಎತ್ತಿದ್ದೇ ತಡ, ಅವನು ಹಗ್ಗ ಬಿಚ್ಚುವುದನ್ನು ನಿಲ್ಲಿಸಿದ.

"ನಿಮ್ದು ನಿಮ್ಮ ಹತ್ರಾನ ಇರ್ಲಿ. ಜಡೆಪ್ಪ ಕಚ್ಚಲಿ, ಇಲ್ಲಂದ್ರ ಗಾಡಿ ತಿರುಗಸ್ತೀನಿ."

ಜಡೆಪ್ಪ ಕಾಳು ತೆಗೆದ. ಬಾಯಿಯವರೆಗೆ ಒಯ್ದವನು ಒಂದು ಕ್ಷಣ ತಡೆದು ಪಾಲಪ್ಪನ ಅಂಗೈಗೆ ಹಾಕಿದ.

"ನೀನ ಕಚ್ಚಲೇ."

"ನಾನ್ಯಾಕ?"

"ಭತ್ತ ನಿಂದು, ಹಲ್ಲೂ ನಿಂದ ಇರ್ಲಿ. ನಾ ಕೇಳತೀನಿ."

ಜಡೆಪ್ಪ ಪಾಲಪ್ಪನ ಕೆನ್ನೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ. ಹಮಾಲರು ಚೀಲ ಬಿಟ್ಟು ನಗುತ್ತ ನಿಂತರು. ಪಾಲಪ್ಪ ಒಂದು ಕಾಳು ಕಚ್ಚಿದ, ಇನ್ನೊಂದು ಕಚ್ಚಿದ.

"ಹದಿನಾರು. ಇನ್ನೆರಡು ದಿನ ಒಣಗಸಬೇಕಿತ್ತಲೇ."

ಪಾಲಪ್ಪ ವಾದಕ್ಕೆ ಬಾಯಿ ತೆರೆದ. ಸಾಕ್ಷಿ ಹೇಳಿದ್ದು ತನ್ನದೇ ಹಲ್ಲಾದ್ದರಿಂದ ಮುಚ್ಚಿಕೊಂಡ. ನಾನು ಗುಟ್ಟಾಗಿ ಮೀಟರ್ ಹಚ್ಚಿ ನೋಡಿದರೆ ಹದಿನಾರರ ಮೇಲೆ ಚೂರು.

ಆ ಸುಗ್ಗಿಯಿಡೀ ರೈತರು ತಮ್ಮ ಭತ್ತವನ್ನು ತಾವೇ ಕಚ್ಚಿದರು, ತಕರಾರು ಅರ್ಧಕ್ಕೆ ಇಳಿಯಿತು. ಎರಡನೇ ಲೋಡಿನ ಜೊತೆ ಪಾಲಪ್ಪನ ಹೆಂಡತಿ ಸುಂಕಲಮ್ಮ ತಾನೇ ಬಂದಳು.

"ಈತ ಕಚ್ಚಿದ್ರ ಎಲ್ಲಾ ಹಸೀನ ಆಗ್ತಾವ. ನಾ ಕಚ್ಚತೀನಿ, ಕೇಳ್ರಿ."

ಜಡೆಪ್ಪ ಪಾಲಪ್ಪನ ಮುಖ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ.

"ಸ್ವಲ್ಪ ಜೋರಾಗಿ ಕಚ್ಚಬೇ ಅಕ್ಕಾ. ಇಲ್ಲಿಂದಾನ ಕೇಳತೀನಿ."